ಉಬುಂಟು, ಮ್ಯಾಕ್, ಥಿನ್ ಕ್ಲೈಂಟ್‌ನಿಂದ ವಿಂಡೋಸ್ ಸರ್ವರ್‌ಗೆ ರಿಮೋಟ್ ಡೆಸ್ಕ್‌ಟಾಪ್: ಕ್ಯಾಲ್ (ಕ್ಲೈಂಟ್ ಆಕ್ಸೆಸ್ ಲೈಸೆನ್ಸ್, ಅಂದರೆ ಸರ್ವರ್ ಬಳಸೋಕೆ ಕೊಳ್ಳೋ ಹಕ್ಕು) ಯಾರಿಗೆ ಬೇಕು, ಎಷ್ಟು ಬೇಕು?

ಪೀಣ್ಯ_ಎರಡನೇ_ಹಂತ

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಮಷೀನಿಂಗ್ ಯೂನಿಟ್‌ನ ಸರ್ವರ್ ವಿಚಾರ. ವಿಂಡೋಸ್ ಸರ್ವರ್ 2022 ಸ್ಟ್ಯಾಂಡರ್ಡ್, ಒಂದೇ ಪ್ರೊಸೆಸರ್, 16 ಕೋರ್. ಡೊಮೈನ್ (ಎಲ್ಲರ ಖಾತೆಗಳನ್ನೂ ಒಂದೇ ಕಡೆ ಇಡೋ ವ್ಯವಸ್ಥೆ) ಇಲ್ಲ, ಬರೀ ವರ್ಕ್‌ಗ್ರೂಪ್. ಅದರಲ್ಲಿ ರಿಮೋಟ್ ಡೆಸ್ಕ್‌ಟಾಪ್ ಸೆಷನ್ ಹೋಸ್ಟ್ ರೋಲ್ (ಹಲವರು ಒಟ್ಟಿಗೆ ದೂರದಿಂದ ಲಾಗಿನ್ ಆಗಿ ಕೆಲಸ ಮಾಡೋಕೆ ಬೇಕಾದ್ದು) ಹಾಕಿದೆ. ಟ್ಯಾಲಿ ಮತ್ತು ಸ್ಟೋರ್ಸ್ ಸಾಫ್ಟ್‌ವೇರ್ ಎರಡೂ ಅಲ್ಲೇ ನಡೆಯುತ್ತೆ.

ಕನೆಕ್ಟ್ ಆಗುವವರ ಲೆಕ್ಕ ಹೀಗಿದೆ:

ಆಫೀಸ್‌ನಲ್ಲಿ 14 ಜನ. 8 ವಿಂಡೋಸ್ 11 ಪ್ರೊ, 4 ಉಬುಂಟು, 2 ಮ್ಯಾಕ್ ಮಿನಿ. ಇವರಲ್ಲಿ 5 ಜನ ಮನೆಯ ಲ್ಯಾಪ್‌ಟಾಪ್‌ನಿಂದಲೂ ಬರ್ತಾರೆ, ಆ ಐವರಲ್ಲಿ 3 ಜನ ಆಂಡ್ರಾಯ್ಡ್ ಫೋನಿನಿಂದಲೂ ಬರ್ತಾರೆ.
ಶಾಪ್ ಫ್ಲೋರ್‌ನಲ್ಲಿ 6 ಥಿನ್ ಕ್ಲೈಂಟ್ (ಸರ್ವರ್‌ನ ಪರದೆ ತೋರಿಸೋಕಷ್ಟೇ ಇರೋ ಚಿಕ್ಕ ಕಂಪ್ಯೂಟರ್). ಮೂರು ಶಿಫ್ಟ್ ಸೇರಿ 18 ಜನ ಅದೇ ಆರನ್ನು ಬಳಸ್ತಾರೆ. ಆರರಲ್ಲಿ 4 ಲಿನಕ್ಸ್, 2 ವಿಂಡೋಸ್ 10 ಐಒಟಿ.

ನಾಲ್ಕು ತಿಂಗಳು ಏನೂ ತೊಂದರೆ ಇರಲಿಲ್ಲ. ಈ ವಾರದಿಂದ ಲಾಗಿನ್ ಆದವರಿಗೆಲ್ಲ "ನಿಮ್ಮ ರಿಮೋಟ್ ಡೆಸ್ಕ್‌ಟಾಪ್ ಲೈಸೆನ್ಸ್‌ನಲ್ಲಿ ಸಮಸ್ಯೆ ಇದೆ, 60 ನಿಮಿಷದಲ್ಲಿ ಸೆಷನ್ ಕಡಿತವಾಗುತ್ತೆ" ಅನ್ನೋ ಅರ್ಥದ ಸಂದೇಶ ಬರ್ತಿದೆ, ಹೇಳಿದ ಹಾಗೇ ಒಂದು ಗಂಟೆಗೆ ಹೊರಗೆ ಹಾಕ್ತಿದೆ. ಐದರ ಯೂಸರ್ ಕ್ಯಾಲ್ ಪ್ಯಾಕ್ ಒಂದನ್ನು ಆಗಲೇ ಇನ್‌ಸ್ಟಾಲ್ ಮಾಡಿ ಮೋಡ್ ಪರ್ ಯೂಸರ್ ಇಟ್ಟಿದೆ.

ಸರ್ವರ್ ಕೊಟ್ಟ ಡೀಲರ್ ವಾದ ಇದು: ವಿಂಡೋಸ್ ಪ್ರೊ ಇರೋ ಮಷೀನ್‌ಗಳಿಗೆ ಕ್ಯಾಲ್ ಒಳಗೇ ಸೇರಿರುತ್ತೆ, ಉಬುಂಟು ಮತ್ತು ಮ್ಯಾಕ್ ಮೈಕ್ರೋಸಾಫ್ಟ್‌ನದ್ದೇ ಅಲ್ಲವಾದ್ದರಿಂದ ಅವಕ್ಕೆ ಬೇಡ, 5 ಧಾರಾಳ. ಇನ್ನೊಬ್ಬರು ಒಬ್ಬೊಬ್ಬರಿಗೂ ಒಂದೊಂದು ಬೇಕು ಅಂತಾರೆ. ಯಾವುದು ಸರಿ? ರಾತ್ರಿ ಶಿಫ್ಟ್‌ನಲ್ಲಿ ಒಂದೇ ಹೊತ್ತಿಗೆ ಇಬ್ಬರಿಗಿಂತ ಹೆಚ್ಚು ಇರಲ್ಲ. ಪುಕ್ಕಟೆ ಸಿಗೋ ಎರಡು ಸೆಷನ್ ಅವರಿಗೆ ಸಾಲಲ್ವಾ?

---

ಕೋರ್_ಹದಿನಾರು

ಮೊದಲು ಡೀಲರ್ ಮಾತಿಗೆ ಉತ್ತರ. ಅದು ಪೂರ್ತಿ ಕಟ್ಟುಕಥೆಯಲ್ಲ, ಹಳಸಿದ ನಿಜ. ವಿಂಡೋಸ್ 2000 ಟರ್ಮಿನಲ್ ಸರ್ವರ್‌ಗೆ ವಿಂಡೋಸ್ 2000 ಪ್ರೊಫೆಷನಲ್ ಮಷೀನಿನಿಂದ ಬಂದರೆ ಬೇರೆ ಟರ್ಮಿನಲ್ ಕ್ಯಾಲ್ ಕೊಳ್ಳಬೇಕಿರಲಿಲ್ಲ. ಕ್ಲೈಂಟ್ ಯಾವ ಓಎಸ್ ಅಂತ ನೋಡಿ ಲೈಸೆನ್ಸ್ ನಿರ್ಧಾರ ಆಗ್ತಿದ್ದ ಕಾಲ ಅದು. ವಿಂಡೋಸ್ ಸರ್ವರ್ 2003 ಬಂದಾಗ ಆ ಸವಲತ್ತು ತೆಗೆದುಹಾಕಿದರು. ಇಪ್ಪತ್ತು ವರ್ಷ ದಾಟಿದರೂ ಆ ಮಾತು ಮಾತ್ರ ಅಂಗಡಿಯಿಂದ ಅಂಗಡಿಗೆ ಓಡಾಡ್ತಾನೇ ಇದೆ.

ಈಗಿನ ನಿಯಮಕ್ಕೆ ಕ್ಲೈಂಟ್ ಓಎಸ್ ಲೆಕ್ಕಕ್ಕೇ ಇಲ್ಲ. ಉಬುಂಟು, ಮ್ಯಾಕ್, ಆಂಡ್ರಾಯ್ಡ್, ವಿಂಡೋಸ್ ಹೋಮ್, ವಿಂಡೋಸ್ ಪ್ರೊ ಎಲ್ಲ ಒಂದೇ. ಎಣಿಸಬೇಕಾದ್ದು ಸರ್ವರ್ ಮುಟ್ಟುವ ಮನುಷ್ಯರನ್ನು, ಇಲ್ಲವೇ ಸರ್ವರ್ ಮುಟ್ಟುವ ಸಾಧನಗಳನ್ನು. ಯೂಸರ್ ಕ್ಯಾಲ್ ಇದ್ದವರು ಹತ್ತು ಸಾಧನದಿಂದ ಬರಬಹುದು. ಡಿವೈಸ್ ಕ್ಯಾಲ್ ಇದ್ದ ಸಾಧನದ ಮುಂದೆ ಹತ್ತು ಜನ ಸರದಿಯಲ್ಲಿ ಕೂರಬಹುದು. ಒಂದೇ ಹೊತ್ತಿಗೆ ಎಷ್ಟು ಜನ ಅನ್ನೋ ಲೆಕ್ಕ ಆರ್‌ಡಿಎಸ್ (ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್) ಕ್ಯಾಲ್‌ನಲ್ಲಿ ಇಲ್ಲವೇ ಇಲ್ಲ.

ಆ ಎರಡು ಪುಕ್ಕಟೆ ಸೆಷನ್ ಇರೋದು ಸರ್ವರ್ ನಿರ್ವಹಣೆಗೆ ಮಾತ್ರ. ಅಪ್‌ಡೇಟ್ ಹಾಕೋಕೆ, ಬ್ಯಾಕಪ್ ನೋಡೋಕೆ ಸರಿ. ರಾತ್ರಿ ಶಿಫ್ಟ್‌ನವರು ಜಾಬ್ ಕಾರ್ಡ್ ಎಂಟ್ರಿ ಮಾಡಿದರೆ ಅದು ನಿರ್ವಹಣೆ ಅಲ್ಲ.

ಎರಡನೇದು, ಎಲ್ಲರೂ ಮರೆಯೋದು: ಆರ್‌ಡಿಎಸ್ ಕ್ಯಾಲ್ ಒಂದೇ ಸಾಲದು, ಅದರ ಕೆಳಗೆ ವಿಂಡೋಸ್ ಸರ್ವರ್ ಕ್ಯಾಲ್ ಕೂಡ ಇರಬೇಕು. ವಿಂಡೋಸ್ ಸರ್ವರ್ ಕ್ಯಾಲನ್ನು ಎಲ್ಲೂ ಇನ್‌ಸ್ಟಾಲ್ ಮಾಡೋದಿಲ್ಲ, ಅದು ಬರೀ ಕಾಗದದ ಹಕ್ಕು. ಹಾಗಾಗಿ ಇಲ್ಲದಿದ್ದರೂ ಯಾವ ಎರರ್ ಬರಲ್ಲ, ಆಡಿಟ್ ಬಂದಾಗಲೇ ಗೊತ್ತಾಗೋದು. ಬಿಲ್ ತೆಗೆದು ನೋಡಿ, ಎರಡು ಬೇರೆ ಬೇರೆ ಸಾಲು ಇರಬೇಕು: ಒಂದು "ವಿಂಡೋಸ್ ಸರ್ವರ್ ಕ್ಯಾಲ್", ಇನ್ನೊಂದು "ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್ ಕ್ಯಾಲ್".

ಇನ್ನು 60 ನಿಮಿಷದ ಕಾಯಿಲೆ. ಸೆಷನ್ ಹೋಸ್ಟ್ ರೋಲ್ ಹಾಕಿದ ಮೇಲೆ 120 ದಿನ ಗ್ರೇಸ್, ಅಂದರೆ ವಿನಾಯಿತಿ ಅವಧಿ ಇರುತ್ತೆ, ನಿಮ್ಮ ನಾಲ್ಕು ತಿಂಗಳು ಅಂದರೆ ಅದೇ. ಆ ಅವಧಿಯಲ್ಲಿ ಯಾವ ಲೈಸೆನ್ಸನ್ನೂ ಕೇಳಲ್ಲ, ಹಾಗಾಗಿ ಸೆಟ್ಟಿಂಗ್ ತಪ್ಪಾಗಿದ್ದರೂ ಕಾಣಿಸಲ್ಲ. ಮುಗಿದ ಮೇಲೆ ನಿಜವಾದ ದೋಷ ಹೊರಗೆ ಬಂತು: ವರ್ಕ್‌ಗ್ರೂಪ್‌ನಲ್ಲಿ ಪರ್ ಯೂಸರ್ ಮೋಡ್ ನಡೆಯಲ್ಲ. ಯೂಸರ್ ಕ್ಯಾಲ್ ಯಾರಿಗೆ ಕೊಟ್ಟೆ ಅಂತ ಲೈಸೆನ್ಸ್ ಸರ್ವರ್ (ಕ್ಯಾಲ್ ಹಂಚೋ ಸೇವೆ) ಬರೆದಿಡೋದು ಆಕ್ಟಿವ್ ಡೈರೆಕ್ಟರಿಯಲ್ಲಿರುವ (ಡೊಮೈನ್‌ನ ಖಾತೆಪುಸ್ತಕ) ಯೂಸರ್ ಖಾತೆಯ ಮೇಲೆ. ಡೊಮೈನೇ ಇಲ್ಲದಿದ್ದರೆ ಬರೆಯೋಕೆ ಪುಸ್ತಕವೇ ಇಲ್ಲ. ಸರ್ವರ್ 2019ರಿಂದ ಈಚೆಗೆ ಅಂಥ ಕಡೆ ಗಂಟೆಗೊಮ್ಮೆ ಹೊರಗೆ ಹಾಕುತ್ತೆ. 5ರ ಬದಲು 50 ಯೂಸರ್ ಕ್ಯಾಲ್ ಹಾಕಿದ್ದರೂ ಇದೇ ಆಗ್ತಿತ್ತು.

ಖಾತ್ರಿ ಮಾಡಿಕೊಳ್ಳೋಕೆ: ಸರ್ವರ್‌ಗೆ ಅಡ್ಮಿನ್ ಆಗಿ ಹೋಗಿ. ಮುಂದೆ ಬಾಗಿಲೇ ಪೂರ್ತಿ ಮುಚ್ಚಿಕೊಂಡರೆ ಎಂಎಸ್‌ಟಿಎಸ್‌ಸಿ (ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಪ್ರೋಗ್ರಾಂ) ಮುಂದೆ ಸ್ಲ್ಯಾಶ್ ಅಡ್ಮಿನ್ ಸೇರಿಸಿದರೆ ಕ್ಯಾಲ್ ಕೇಳದೆ ಒಳಗೆ ಬಿಡುತ್ತೆ. ಅಲ್ಲಿ ಆರ್‌ಡಿ ಲೈಸೆನ್ಸಿಂಗ್ ಡಯಾಗ್ನೋಸರ್ ತೆರೆಯಿರಿ. ಯಾವ ಮೋಡ್, ಯಾವ ಲೈಸೆನ್ಸ್ ಸರ್ವರ್, ಎಷ್ಟು ಲೈಸೆನ್ಸ್ ಕಾಣ್ತಿದೆ, ಎಲ್ಲ ಒಂದೇ ಪರದೆಯಲ್ಲಿ ಸಿಗುತ್ತೆ. ಮೋಡ್ ಮತ್ತು ಸರ್ವರ್ ಹೆಸರು ಬದಲಿಸೋದು ಗ್ರೂಪ್ ಪಾಲಿಸಿಯಲ್ಲಿ: ಕಂಪ್ಯೂಟರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್, ಸೆಷನ್ ಹೋಸ್ಟ್, ಲೈಸೆನ್ಸಿಂಗ್. ಅಲ್ಲಿ ಲೈಸೆನ್ಸ್ ಸರ್ವರ್ ಹೆಸರಿಗೆ ಒಂದು ಪಾಲಿಸಿ, ಮೋಡ್‌ಗೆ ಇನ್ನೊಂದು. ಎರಡನ್ನೂ ತುಂಬಬೇಕು. ಒಂದು ಬಿಟ್ಟರೆ ಲೈಸೆನ್ಸ್ ಇದ್ದೂ ಇಲ್ಲದ ಹಾಗೆ.

---

ಚಿಟಿಕೆ_ಪರಿಹಾರ

ಇಷ್ಟೆಲ್ಲ ಯಾಕೆ ಗುರು? ರಿಜಿಸ್ಟ್ರಿಯಲ್ಲಿ ಗ್ರೇಸ್ ಪೀರಿಯಡ್ ಅಂತ ಒಂದು ಕೀ ಇದೆ, ಅದನ್ನ ಅಳಿಸಿ ರೀಬೂಟ್ ಮಾಡಿದರೆ ಮತ್ತೆ 120 ದಿನ. ಇಲ್ಲಾಂದ್ರೆ ಒಂದು ಲಿನಕ್ಸ್ ಡಬ್ಬಿಯಲ್ಲಿ ಗ್ವಾಕಮೋಲಿ (ರಿಮೋಟ್ ಡೆಸ್ಕ್‌ಟಾಪನ್ನು ಬ್ರೌಸರ್‌ನಲ್ಲಿ ತೋರಿಸೋ ಸಾಫ್ಟ್‌ವೇರ್) ಹಾಕಿ. ಎಲ್ಲರೂ ಬ್ರೌಸರ್‌ನಿಂದ ಅದಕ್ಕೆ ಬರಲಿ, ಅದೊಂದೇ ಸರ್ವರ್‌ಗೆ ಹೋಗಲಿ. ಒಂದು ಡಿವೈಸ್ ಕ್ಯಾಲ್‌ನಲ್ಲಿ ಕೆಲಸ ಮುಗೀತು.

---

ಬಾಗಿಲು_3389

ಎರಡೂ ತಾಂತ್ರಿಕವಾಗಿ ಓಡುತ್ತೆ, ಎರಡೂ ಲೈಸೆನ್ಸ್ ಉಲ್ಲಂಘನೆ. ಗ್ರೇಸ್ ಕೀ ಅಳಿಸೋದು ಸ್ಪಷ್ಟವಾಗೇ ಮೋಸ, ಚರ್ಚೆ ಬೇಡ. ಗ್ವಾಕಮೋಲಿ ವಿಚಾರ ಮಾತ್ರ ಬಿಡಿಸಿ ಹೇಳಬೇಕು, ತುಂಬ ಜನ ಪ್ರಾಮಾಣಿಕವಾಗಿಯೇ ಇದರಲ್ಲಿ ಎಡವುತ್ತಾರೆ. ನಡುವೆ ಒಂದು ಪೆಟ್ಟಿಗೆ ಇಟ್ಟು ಹಲವು ಸಂಪರ್ಕಗಳನ್ನು ಒಂದಾಗಿ ತೋರಿಸೋದಕ್ಕೆ ಮೈಕ್ರೋಸಾಫ್ಟ್ ಮಲ್ಟಿಪ್ಲೆಕ್ಸಿಂಗ್ ಅನ್ನುತ್ತೆ. ಎಷ್ಟೇ ಪೆಟ್ಟಿಗೆ ಇಟ್ಟರೂ ಎಣಿಕೆ ತುದಿಯಲ್ಲಿ ಕೂತ ಮನುಷ್ಯನದ್ದೋ ಅವನ ಮುಂದಿನ ಸಾಧನದ್ದೋ ಆಗಬೇಕು. ಗ್ವಾಕಮೋಲಿ ಬಳಸೋದು ತಪ್ಪಲ್ಲ, ಬ್ರೌಸರ್ ಅನುಕೂಲಕ್ಕೆ ಧಾರಾಳವಾಗಿ ಬಳಸಿ, ಕ್ಯಾಲ್ ಮಾತ್ರ ಅಷ್ಟೇ ಬೇಕು. ಆರ್‌ಡಿಪಿ (ರಿಮೋಟ್ ಡೆಸ್ಕ್‌ಟಾಪ್ ಪ್ರೋಟೋಕಾಲ್) ಬಿಟ್ಟು ವಿಎನ್‌ಸಿ ಅಥವಾ ಇನ್ಯಾವುದೋ ಟೂಲ್‌ನಲ್ಲಿ ಅದೇ ಸರ್ವರ್‌ನ ಡೆಸ್ಕ್‌ಟಾಪನ್ನು ಜನಕ್ಕೆ ಕೊಟ್ಟರೂ ಆರ್‌ಡಿಎಸ್ ಕ್ಯಾಲ್ ಬೇಕು. ಷರತ್ತಿನಲ್ಲಿ ಬೇರೆ ತಂತ್ರಜ್ಞಾನವನ್ನೂ ಸೇರಿಸಿಯೇ ಬರೆದಿದ್ದಾರೆ.

ತಿರುಗಾಮುರುಗಾ ಆದರೆ, ಅಂದರೆ ಸರ್ವರ್ ಲಿನಕ್ಸ್, ಅದರಲ್ಲಿ ಎಕ್ಸ್‌ಆರ್‌ಡಿಪಿ (ಲಿನಕ್ಸ್‌ಗೆ ಆರ್‌ಡಿಪಿಯಲ್ಲಿ ಬರೋಕೆ ಬಿಡೋ ಸಾಫ್ಟ್‌ವೇರ್), ವಿಂಡೋಸ್‌ನಿಂದ ಜನ ಅದಕ್ಕೆ ಬರ್ತಾರೆ ಅಂದರೆ, ಮೈಕ್ರೋಸಾಫ್ಟ್ ಕ್ಯಾಲ್ ಒಂದೂ ಬೇಡ. ಪ್ರೋಟೋಕಾಲ್‌ಗೆ ಶುಲ್ಕವಿಲ್ಲ, ಆ ಕಡೆ ಇರೋ ವಿಂಡೋಸ್ ಸರ್ವರ್‌ಗೆ ಶುಲ್ಕ.

ಕೋರ್ ಸರ್ ಹೇಳಿದ ಹಾಗೆ ಓಎಸ್ ಕ್ಯಾಲ್ ಸಂಖ್ಯೆಯನ್ನು ಬದಲಿಸಲ್ಲ, ನಿಜ. ಆದರೆ ಪರ್ ಡಿವೈಸ್ ಮೋಡ್ ಇಟ್ಟ ದಿನದಿಂದ ಕ್ಲೈಂಟ್ ಓಎಸ್ ತಲೆನೋವು ಕೊಡೋಕೆ ಶುರು ಮಾಡುತ್ತೆ. ಯಾಕೆಂದರೆ ಲೈಸೆನ್ಸ್ ಟೋಕನ್ (ಈ ಸಾಧನಕ್ಕೆ ಕ್ಯಾಲ್ ಕೊಟ್ಟಿದೆ ಅನ್ನೋ ಚೀಟಿ) ಕೂರೋದು ಸರ್ವರ್‌ನಲ್ಲಲ್ಲ, ಕ್ಲೈಂಟ್‌ನಲ್ಲಿ. ಕೆಲಸ ಮಾಡೋ ರೀತಿ ಹೀಗೆ:

ಹೊಸ ಸಾಧನ ಮೊದಲ ಸಲ ಬಂದಾಗ 90 ದಿನದ ತಾತ್ಕಾಲಿಕ ಟೋಕನ್ ಸಿಗುತ್ತೆ. ಲಾಗಿನ್ ಸರಿಯಾಗಿ ಆದಮೇಲೆ ಎರಡನೇ ಸಲ ಬಂದಾಗ ಖಾಲಿ ಡಿವೈಸ್ ಕ್ಯಾಲ್ ಇದ್ದರೆ ಕಾಯಂ ಟೋಕನ್. ಹೆಸರಿಗೆ ಕಾಯಂ, ಆಯಸ್ಸು 52ರಿಂದ 89 ದಿನದೊಳಗೆ ಯಾವುದೋ ಒಂದು ಅಂಕಿ. ಮುಗಿಯೋಕೆ 7 ದಿನ ಇರುವಾಗಿಂದ ನವೀಕರಣಕ್ಕೆ ಪ್ರಯತ್ನಿಸುತ್ತೆ. ಆ ಸಾಧನ ಬರೋದೇ ನಿಂತರೆ ಅವಧಿ ಮುಗಿದು ಕ್ಯಾಲ್ ತಾನಾಗೇ ಗುಂಪಿಗೆ ವಾಪಸ್. ಕೈಯಾರೆ ವಾಪಸ್ ಪಡೆಯೋ ಮಿತಿ ಆ ಆವೃತ್ತಿಯ ಒಟ್ಟು ಡಿವೈಸ್ ಕ್ಯಾಲ್‌ಗಳ ಶೇ. 20.

ವಿಂಡೋಸ್‌ನಲ್ಲಿ ಆ ಟೋಕನ್ ರಿಜಿಸ್ಟ್ರಿಯಲ್ಲಿ, ಲೋಕಲ್ ಮಷೀನ್ ಕೆಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ಎಂಎಸ್‌ಲೈಸೆನ್ಸಿಂಗ್ ಅನ್ನೋ ಕೀಯಲ್ಲಿರುತ್ತೆ. ಟೋಕನ್ ಕೆಟ್ಟು "ಈ ಕಂಪ್ಯೂಟರ್‌ಗೆ ಕ್ಲೈಂಟ್ ಆಕ್ಸೆಸ್ ಲೈಸೆನ್ಸ್ ಲಭ್ಯವಿಲ್ಲ" ಅಂತ ಬಂದರೆ ಆ ಕೀಯನ್ನು ಮೊದಲು ಎಕ್ಸ್‌ಪೋರ್ಟ್ ಮಾಡಿಟ್ಟುಕೊಂಡು ಅಳಿಸಿ, ಆಮೇಲೆ ಎಂಎಸ್‌ಟಿಎಸ್‌ಸಿಯನ್ನು ಒಂದು ಸಲ "ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್" ಕೊಟ್ಟು ತೆರೆಯಿರಿ. ಮಾಮೂಲಿ ಯೂಸರ್ ಆಗಿ ತೆರೆದರೆ ಕೀ ಮತ್ತೆ ಬರೆಯೋಕೆ ಹಕ್ಕಿಲ್ಲ, ಅದೇ ಎರರ್ ವಾಪಸ್ ಬರುತ್ತೆ. ಅರ್ಧ ಜನ ಇಲ್ಲೇ ಸಿಕ್ಕಿಹಾಕಿಕೊಳ್ಳೋದು.

ಉಬುಂಟುವಿನಲ್ಲಿ ರೆಮಿನಾ ಬಳಸಿದರೂ ಒಳಗೆ ಇರೋದು ಫ್ರೀಆರ್‌ಡಿಪಿ. ಫ್ರೀಆರ್‌ಡಿಪಿ ಸಾಧನದ ಗುರುತನ್ನು ಹೋಸ್ಟ್‌ನೇಮ್‌ನಿಂದ ಕಟ್ಟುತ್ತೆ. ಒಂದೇ ಇಮೇಜ್‌ನಿಂದ ಕ್ಲೋನ್ ಮಾಡಿ ನಾಲ್ಕು ಮಷೀನ್‌ಗೂ ಹೋಸ್ಟ್‌ನೇಮ್ ಒಂದೇ ಬಿಟ್ಟಿದ್ದರೆ ಲೈಸೆನ್ಸ್ ಸರ್ವರ್‌ಗೆ ನಾಲ್ಕೂ ಒಂದೇ ಮಷೀನ್‌ನಂತೆ ಕಾಣುತ್ತೆ. ಇದನ್ನು ಉಳಿತಾಯ ಅಂದ್ಕೋಬೇಡಿ, ಎಣಿಕೆ ತಪ್ಪಿದ್ದು ಅಷ್ಟೇ. ಉಲ್ಟಾ, ಹೋಸ್ಟ್‌ನೇಮ್ ಬದಲಿಸಿದರೆ ಅದೇ ಮಷೀನ್ ಹೊಸ ಸಾಧನವಾಗಿ ಇನ್ನೊಂದು ಕ್ಯಾಲ್ ತಿನ್ನುತ್ತೆ. ಆದ್ದರಿಂದ ಮೊದಲ ಸಂಪರ್ಕಕ್ಕೂ ಮುಂಚೆ ಹೆಸರು ಕೊಟ್ಟು ಮುಗಿಸಿ: ಸ್ಟೋರ್ಸ್-1, ಸ್ಟೋರ್ಸ್-2 ಹೀಗೆ. ಹಳೇ ಆರ್‌ಡೆಸ್ಕ್‌ಟಾಪ್ ಇನ್ನೂ ಯಾರಾದರೂ ಬಳಸ್ತಿದ್ದರೆ ಬಿಟ್ಟುಬಿಡಲಿ.

ಅತಿ ಹೆಚ್ಚು ಕಾಟ ಕೊಡೋದು ಮಾತ್ರ ನಿಮ್ಮ ಆ ಎರಡು ವಿಂಡೋಸ್ ಐಒಟಿ ಥಿನ್ ಕ್ಲೈಂಟ್. ಅವುಗಳಲ್ಲಿ ರೈಟ್ ಫಿಲ್ಟರ್ ಆನ್ ಇರುತ್ತೆ, ಅಂದರೆ ರೀಬೂಟ್ ಆದಾಗೆಲ್ಲ ಡಿಸ್ಕ್ ಮತ್ತು ರಿಜಿಸ್ಟ್ರಿ ಹಳೇ ಸ್ಥಿತಿಗೆ ಮರಳುತ್ತೆ. ಬೆಳಗ್ಗೆ ಆನ್ ಮಾಡಿದಾಗ ಹೊಸ ಗುರುತು, ತಾತ್ಕಾಲಿಕ ಟೋಕನ್. ಎರಡನೇ ಶಿಫ್ಟ್‌ನವರು ಲಾಗಿನ್ ಆದಾಗ ಕಾಯಂ ಟೋಕನ್, ಒಂದು ಕ್ಯಾಲ್ ಖರ್ಚು. ರಾತ್ರಿ ಕರೆಂಟ್ ಹೋಗಿ ಬಂತು, ಎಲ್ಲ ಮರೆತುಹೋಯಿತು. ಮಾರನೇ ದಿನ ಅದೇ ಮಷೀನ್ ಮತ್ತೊಂದು ಕ್ಯಾಲ್ ಎತ್ತಿಕೊಳ್ಳುತ್ತೆ. ಲೈಸೆನ್ಸಿಂಗ್ ಮ್ಯಾನೇಜರ್‌ನಲ್ಲಿ ಒಂದೇ ಹೆಸರು ಏಳೆಂಟು ಸಾಲು ಕಂಡರೆ ಕಾರಣ ಇದೇ. ಪರಿಹಾರ: ಫಿಲ್ಟರ್ ಆಫ್ ಮಾಡಿ ರೀಬೂಟ್, ಸರ್ವರ್‌ಗೆ ಹೋಗಿ ಲಾಗಾಫ್, ಮತ್ತೊಮ್ಮೆ ಹೋಗಿ ಲಾಗಾಫ್, ಎಂಎಸ್‌ಲೈಸೆನ್ಸಿಂಗ್ ಕೀಯನ್ನು ಫಿಲ್ಟರ್‌ನ ರಿಜಿಸ್ಟ್ರಿ ವಿನಾಯಿತಿ ಪಟ್ಟಿಗೆ ಸೇರಿಸಿ, ಆಮೇಲೆ ಫಿಲ್ಟರ್ ಆನ್. ವಿನಾಯಿತಿ ಸೇರಿಸದಿದ್ದರೆ ಟೋಕನ್ ನವೀಕರಣ ಆದದ್ದು ರೀಬೂಟ್‌ನಲ್ಲಿ ಅಳಿಸಿಹೋಗಿ ಎರಡು ಮೂರು ತಿಂಗಳಲ್ಲಿ ಅದೇ ಕಥೆ.

ಅಂದ ಹಾಗೆ, ಮನೆಯಿಂದ ಬರೋ ಆ ಐವರು ರೂಟರ್‌ನಲ್ಲಿ 3389 (ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್) ನೇರ ತೆರೆದು ಬರ್ತಿದ್ದಾರಾ? ಹಾಗಿದ್ದರೆ ಲೈಸೆನ್ಸ್‌ಗಿಂತ ಮೊದಲು ಅದನ್ನು ಮುಚ್ಚಿ. ವಿಪಿಎನ್ ಇರಲಿ, ಇಲ್ಲವೇ 443ರ ಮೇಲೆ ಆರ್‌ಡಿ ಗೇಟ್‌ವೇ.

---

ಪೀಣ್ಯ_ಎರಡನೇ_ಹಂತ

ತುಂಬಾ ಉಪಯೋಗ ಆಯ್ತು, ಇಬ್ಬರಿಗೂ ಥ್ಯಾಂಕ್ಸ್. ಡಯಾಗ್ನೋಸರ್‌ನಲ್ಲಿ ಮೋಡ್ ಪರ್ ಯೂಸರ್, ಲೈಸೆನ್ಸ್ 5 ಅಂತ ಕಾಣ್ತಿದೆ. ಬಿಲ್‌ನಲ್ಲಿ ವಿಂಡೋಸ್ ಸರ್ವರ್ ಕ್ಯಾಲ್ ಸಾಲೇ ಇಲ್ಲ. 3389 ಇವತ್ತೇ ಮುಚ್ಚಿಸಿ ರೂಟರ್‌ನ ವಿಪಿಎನ್ ಶುರು ಮಾಡಿದೆ.

ಈಗ ಪ್ರಶ್ನೆ: ಆಫೀಸಿಗೆ ಯೂಸರ್, ಫ್ಲೋರ್‌ಗೆ ಡಿವೈಸ್ ಅಂತ ಮಿಶ್ರ ಮಾಡಬಹುದಾ? 14 + 6 = 20ರಲ್ಲಿ ಮುಗಿಯುತ್ತಲ್ಲ. ಮತ್ತೆ, ಮನೆಯಿಂದ ಬರುವವರು ಮೊದಲು ಆಫೀಸಿನ ತಮ್ಮ ವಿಂಡೋಸ್ ಪ್ರೊ ಪಿಸಿಗೆ ಬಂದು, ಅಲ್ಲಿಂದ ಸರ್ವರ್‌ಗೆ ಹೋದರೆ ಮನೆ ಲ್ಯಾಪ್‌ಟಾಪ್ ಲೆಕ್ಕಕ್ಕೆ ಬರುತ್ತಾ?

ಇನ್ನೊಂದು: ಡಿಸೈನ್ ಸಾಫ್ಟ್‌ವೇರ್ ಇರೋ ಒಂದು ವಿಂಡೋಸ್ 11 ಪ್ರೊ ಪಿಸಿಗೆ ಉಬುಂಟುವಿನ ನಾಲ್ವರು ಆಗಾಗ ರಿಮೋಟ್‌ನಲ್ಲಿ ಹೋಗಿ ಡ್ರಾಯಿಂಗ್ ತೆರೆದು ನೋಡ್ತಾರೆ. ಅದು ಸರ್ವರ್ ಅಲ್ಲವಲ್ಲ, ಅದಕ್ಕೆ ಏನೂ ಬೇಡ ತಾನೆ?

---

ಕೋರ್_ಹದಿನಾರು

ಎರಡನೇದಕ್ಕೆ ಮೊದಲು: ಬರುತ್ತೆ. ಮನೆ ಲ್ಯಾಪ್‌ಟಾಪ್ ಆಫೀಸ್ ಪಿಸಿ ಮೂಲಕ ಸರ್ವರ್ ಮುಟ್ಟಿದರೂ ಮುಟ್ಟಿದ ಹಾಗೇ. ಪರೋಕ್ಷ ಸಂಪರ್ಕಕ್ಕೂ ಅದೇ ಲೆಕ್ಕ.

ಮಿಶ್ರ ಮಾಡೋಕೆ ನಿಯಮ ಅಡ್ಡ ಬರಲ್ಲ, ಒಂದೇ ಲೈಸೆನ್ಸ್ ಸರ್ವರ್‌ನಲ್ಲಿ ಎರಡೂ ಬಗೆಯ ಕ್ಯಾಲ್ ಕೂರುತ್ತೆ. ಆದರೆ ಒಂದು ಸೆಷನ್ ಹೋಸ್ಟ್ ಒಂದು ಹೊತ್ತಿಗೆ ಒಂದೇ ಮೋಡ್‌ನಲ್ಲಿ ಇರಬಲ್ಲದು. ಆಫೀಸಿಗೆ ಒಂದು ಹೋಸ್ಟ್, ಫ್ಲೋರ್‌ಗೆ ಇನ್ನೊಂದು ಹೋಸ್ಟ್ ಬೇಕಾಗುತ್ತೆ. ಯೂಸರ್ ಮೋಡ್ ಇರೋದಕ್ಕೆ ಡೊಮೈನ್ ಕಂಟ್ರೋಲರ್ (ಡೊಮೈನ್ ಖಾತೆಗಳನ್ನು ನೋಡಿಕೊಳ್ಳೋ ಸರ್ವರ್) ಬೇಕು. ಇವೆಲ್ಲ ನಿಮ್ಮ ಒಂದೇ ಸರ್ವರ್ ಒಳಗೆ ಬೇರೆ ಬೇರೆ ನಡೆಯಬೇಕು, ಅಲ್ಲಿಗೆ ವರ್ಚುವಲ್ ಮಷೀನ್ (ಸರ್ವರ್ ಒಳಗಿನ ಸರ್ವರ್) ಮೂರು.

ಇಲ್ಲಿದೆ ಗಂಟು. ನಿಮ್ಮ 16 ಕೋರ್ ಸ್ಟ್ಯಾಂಡರ್ಡ್ ಲೈಸೆನ್ಸ್ ಕೊಡೋದು ಎರಡು ವರ್ಚುವಲ್ ಮಷೀನ್, ಅದೂ ಕೆಳಗಿನ ಭೌತಿಕ ವಿಂಡೋಸ್‌ನಲ್ಲಿ ಹೈಪರ್-ವಿ (ವರ್ಚುವಲ್ ಮಷೀನ್ ಓಡಿಸೋ ಸೌಲಭ್ಯ) ನಡೆಸೋದು ಬಿಟ್ಟು ಬೇರೇನೂ ಮಾಡದಿದ್ದರೆ. ಮೂರನೇದಕ್ಕೆ ಅದೇ 16 ಕೋರ್‌ಗೆ ಇನ್ನೊಂದು ಸ್ಟ್ಯಾಂಡರ್ಡ್ ಪೂರ್ತಿ ಕೊಳ್ಳಬೇಕು. ಸೆಷನ್ ಹೋಸ್ಟನ್ನೇ ಡೊಮೈನ್ ಕಂಟ್ರೋಲರ್ ಮಾಡಿ ಒಂದು ಉಳಿಸೋಣ ಅನ್ನಿಸುತ್ತೆ. ಮಾಡಬೇಡಿ. ಫ್ಲೋರಿನ ಹದಿನೆಂಟು ಜನರಿಗೆ ಡೊಮೈನ್ ಕಂಟ್ರೋಲರ್ ಮೇಲೆ ಲಾಗಿನ್ ಹಕ್ಕು ಕೊಡೋದು ಅಂದರೆ ತಿಜೋರಿ ಕೋಣೆಯಲ್ಲಿ ಊಟದ ಮೇಜು ಹಾಕಿದ ಹಾಗೆ.

ನಿಮ್ಮ ಅಂಕಿಗಳಿಗೆ ದಾರಿ ಮೂರು. ಕೈಯಲ್ಲಿ 5 ಯೂಸರ್ ಕ್ಯಾಲ್ ಇದೆ ಅನ್ನೋದು ಮರೆಯಬೇಡಿ.

ಒಂದು, ಈಗಿನ ವರ್ಕ್‌ಗ್ರೂಪ್ ಹಾಗೇ ಇಟ್ಟು ಎಲ್ಲ ಪರ್ ಡಿವೈಸ್. ಆಫೀಸ್ 14, ಥಿನ್ ಕ್ಲೈಂಟ್ 6, ಮನೆ ಲ್ಯಾಪ್‌ಟಾಪ್ 5, ಫೋನ್ 3, ಒಟ್ಟು 28. ಇರೋ 5 ಯೂಸರ್ ಕ್ಯಾಲ್ ಇಲ್ಲಿ ಉಪಯೋಗಕ್ಕೆ ಬರಲ್ಲ, ಹೊಸದಾಗಿ ಕೊಳ್ಳೋದು 28. ಫೋನ್ ಬದಲಿಸಿದಾಗೆಲ್ಲ ಟೋಕನ್ ವಾಪಸ್ ಪಡೆಯೋ ರಗಳೆ, ಶೇ. 20 ಲೆಕ್ಕಕ್ಕೆ 28ರಲ್ಲಿ 5 ಮಾತ್ರ ಕೈಯಾರೆ ಬಿಡಿಸಬಹುದು. ಮೇಲೆ ಬಾಗಿಲು ಅವರು ಹೇಳಿದ ಥಿನ್ ಕ್ಲೈಂಟ್ ಕಾಟ.

ಎರಡು, ಒಂದು ವರ್ಚುವಲ್ ಮಷೀನ್ ಡೊಮೈನ್ ಕಂಟ್ರೋಲರ್, ಇನ್ನೊಂದು ಸೆಷನ್ ಹೋಸ್ಟ್, ಎಲ್ಲರಿಗೂ ಪರ್ ಯೂಸರ್. ಜನ 14 + 18 = 32. ಇರೋ 5 ಕಳೆದು ಹೊಸದಾಗಿ 27. ಈಗಿನ ಸ್ಟ್ಯಾಂಡರ್ಡ್ ಲೈಸೆನ್ಸ್‌ನಲ್ಲೇ ಕೂರುತ್ತೆ.

ಮೂರು, ನೀವು ಕೇಳಿದ ಮಿಶ್ರ. 14 ಯೂಸರ್‌ನಲ್ಲಿ 5 ಇದೆ, 9 ಕೊಳ್ಳಬೇಕು. 6 ಡಿವೈಸ್. ಹೊಸದು ಒಟ್ಟು 15, ಜೊತೆಗೆ ಇನ್ನೊಂದು 16 ಕೋರ್ ಸ್ಟ್ಯಾಂಡರ್ಡ್.

ಎರಡಕ್ಕೂ ಮೂರಕ್ಕೂ ಅಂತರ 12 ಆರ್‌ಡಿಎಸ್ ಕ್ಯಾಲ್ ಒಂದು ಕಡೆ, ಒಂದು ಸ್ಟ್ಯಾಂಡರ್ಡ್ ಇನ್ನೊಂದು ಕಡೆ. ಶೇ. 18 ಜಿಎಸ್‌ಟಿ ಸೇರಿಸಿದ ಕೊಟೇಷನ್ ಎರಡಕ್ಕೂ ತರಿಸಿ ನೋಡಿ. ಫ್ಲೋರ್‌ನಲ್ಲಿ ಜನ ಹೆಚ್ಚೋ ಸೂಚನೆ ಇದ್ದರೆ ಮೂರನೇದು, 18 ಹೋಗಿ 30 ಆದರೂ ಡಿವೈಸ್ 6 ಆರಾಗೇ ಇರುತ್ತೆ. ಇಲ್ಲದಿದ್ದರೆ ಎರಡನೇದು ಸರಳ. ಮೊದಲನೇದನ್ನು ಆರಿಸೋಕೆ ನನಗೆ ಕಾರಣ ಕಾಣ್ತಿಲ್ಲ, ಮನೆ ಮತ್ತು ಫೋನಿನ ಸಂಪರ್ಕ ಪೂರ್ತಿ ನಿಲ್ಲಿಸಿ 20 ಡಿವೈಸ್‌ಗೆ ಇಳಿಸ್ತೀರಿ ಅಂದರೆ ಮಾತ್ರ ಯೋಚಿಸಬಹುದು.

ವಿಂಡೋಸ್ ಸರ್ವರ್ ಕ್ಯಾಲ್‌ಗೆ ಈ ಮೋಡ್ ಬಂಧನ ಇಲ್ಲ, ಅದು ಕಾಗದದ ಲೆಕ್ಕ ಅಂದೆನಲ್ಲ. ಯಾವ ದಾರಿ ಹಿಡಿದರೂ 14 ಯೂಸರ್ + 6 ಡಿವೈಸ್ = 20 ಸಾಕು. ಡೀಲರ್ 32 ಬರೆದು ತಂದರೆ ಕೇಳಿ.

ಕೊಳ್ಳುವಾಗ ಆವೃತ್ತಿ ನೋಡಿ. ಸೆಷನ್ ಹೋಸ್ಟ್ ಯಾವ ಆವೃತ್ತಿಯೋ ಕ್ಯಾಲ್ ಅದೇ ಅಥವಾ ಹೊಸದಿರಬೇಕು. 2019ರ ಕ್ಯಾಲ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ 2022ರ ಹೋಸ್ಟ್‌ಗೆ ನಡೆಯಲ್ಲ. 2025ರ ಕ್ಯಾಲ್ ನಡೆಯುತ್ತೆ, ಆದರೆ ಲೈಸೆನ್ಸ್ ಸರ್ವರ್ ಆವೃತ್ತಿ ಕ್ಯಾಲ್‌ಗಿಂತ ಹಳೇದಿರಬಾರದು, ನಿಮ್ಮ 2022ರ ಲೈಸೆನ್ಸ್ ಸರ್ವರ್ ಅದನ್ನು ಒಳಗೆ ಬಿಡಲ್ಲ. ವಾಲ್ಯೂಮ್ ಲೈಸೆನ್ಸ್‌ನಲ್ಲಿ ಕೊಂಡರೆ ಇನ್‌ಸ್ಟಾಲ್ ಮಾಡುವಾಗ ಆವೃತ್ತಿ 2022 ಅಂತ ಆರಿಸಿಕೊಳ್ಳಬಹುದು, ಡೌನ್‌ಗ್ರೇಡ್ ಹಕ್ಕಿದೆ. ಇದನ್ನು ದುಡ್ಡು ಕೊಡೋಕೆ ಮುಂಚೆ ಇಮೇಲ್‌ನಲ್ಲಿ ಬರೆಸಿಕೊಳ್ಳಿ.

ಡೊಮೈನ್ ಮಾಡಿದ ಮೇಲೆ ಲೈಸೆನ್ಸ್ ಸರ್ವರ್‌ನ ಕಂಪ್ಯೂಟರ್ ಖಾತೆಯನ್ನು ಆಕ್ಟಿವ್ ಡೈರೆಕ್ಟರಿಯ "ಟರ್ಮಿನಲ್ ಸರ್ವರ್ ಲೈಸೆನ್ಸ್ ಸರ್ವರ್ಸ್" ಗುಂಪಿಗೆ ಸೇರಿಸಿ. ಸೇರಿಸದಿದ್ದರೆ ಯಾರಿಗೆ ಕೊಟ್ಟೆ ಅಂತ ಬರೆಯೋ ಹಕ್ಕು ಅದಕ್ಕಿರಲ್ಲ, ಯೂಸರ್ ಕ್ಯಾಲ್ ವರದಿ ಖಾಲಿ ಬರುತ್ತೆ. ಇನ್ನೂ ಒಂದು ಎಚ್ಚರ: ಪರ್ ಯೂಸರ್‌ನಲ್ಲಿ ಲೈಸೆನ್ಸ್ ಸರ್ವರ್ ಮಿತಿ ಮೀರಿದರೂ ಕೊಡ್ತಾ ಹೋಗಬಲ್ಲದು. 32 ಇಟ್ಟು 37 ಜನ ಓಡಾಡಿದರೂ ಬಾಗಿಲು ತೆರೆದೇ ಇರುತ್ತೆ, ಉಲ್ಲಂಘನೆ ಮಾತ್ರ ನಿಮ್ಮ ತಲೆ ಮೇಲೆ. ತಿಂಗಳಿಗೊಮ್ಮೆ ಲೈಸೆನ್ಸಿಂಗ್ ಮ್ಯಾನೇಜರ್‌ನಿಂದ ವರದಿ ತೆಗೆದು ಹಾಜರಿ ಪಟ್ಟಿ ಜೊತೆ ಹೋಲಿಸಿ, ಕೆಲಸ ಬಿಟ್ಟವರ ಖಾತೆ ತೆಗೆಯಿರಿ.

---

ಷರತ್ತು_ಓದುವವಳು

ಮೂರನೇ ಪ್ರಶ್ನೆ, ಡಿಸೈನ್ ಪಿಸಿಯದ್ದು, ಯಾರೂ ಮುಟ್ಟಿಲ್ಲ. ಇಡೀ ಚರ್ಚೆಯಲ್ಲಿ ಕ್ಲೈಂಟ್ ಓಎಸ್ ನಿಜಕ್ಕೂ ಲೆಕ್ಕಕ್ಕೆ ಬರೋದು ಇಲ್ಲೇ.

ವಿಂಡೋಸ್ 11 ಪ್ರೊ ಪಿಸಿಗೆ ಕ್ಯಾಲ್ ಅನ್ನೋದೇ ಇಲ್ಲ, ಸರಿ. ಆದರೆ ಪಿಸಿ ಜೊತೆ ಬರೋ ಲೈಸೆನ್ಸ್ ಷರತ್ತಿನಲ್ಲಿ ರಿಮೋಟ್ ಬಳಕೆಗೆ ಒಂದು ಪ್ಯಾರಾ ಇದೆ. ಆ ಪಿಸಿಯನ್ನು ಎದುರು ಕೂತು ಬಳಸೋ ಒಬ್ಬರನ್ನು ಅದರ ಲೈಸೆನ್ಸ್ಡ್ ಯೂಸರ್ ಅಂತ ಗೊತ್ತುಮಾಡಬಹುದು, 90 ದಿನಕ್ಕೊಮ್ಮೆಗಿಂತ ಹೆಚ್ಚು ಬದಲಿಸುವಂತಿಲ್ಲ. ಆ ಒಬ್ಬರು ಯಾವ ಸಾಧನದಿಂದ ಬೇಕಾದರೂ ಬರಬಹುದು, ಉಬುಂಟು, ಮ್ಯಾಕ್, ಫೋನ್ ಯಾವುದಾದರೂ ಸರಿ. ಉಳಿದವರು ಬೇರೆ ಹೊತ್ತಿನಲ್ಲಿ ಬರಬಹುದು, ಆದರೆ ಅದೇ ಎಡಿಷನ್ ಅಥವಾ ಅದಕ್ಕಿಂತ ಮೇಲಿನದನ್ನು ನಡೆಸೋಕೆ ಪ್ರತ್ಯೇಕ ಲೈಸೆನ್ಸ್ ಇರುವ ಸಾಧನದಿಂದ ಮಾತ್ರ.

ಅಂದರೆ ಡ್ರಾಫ್ಟ್ಸ್‌ಮನ್ ಒಬ್ಬರು ಲೈಸೆನ್ಸ್ಡ್ ಯೂಸರ್ ಆದರೆ, ಉಬುಂಟುವಿನ ನಾಲ್ವರು ತಮ್ಮ ಮಷೀನಿನಿಂದ ಬರುವಂತಿಲ್ಲ. ವಿಂಡೋಸ್ 11 ಪ್ರೊ ಇರೋ ಎಂಟು ಮಷೀನ್‌ಗಳಲ್ಲಿ ಒಂದರಿಂದ ಬಂದರೆ ಸರಿ. ಒಂದು ಸೂಕ್ಷ್ಮ: ಷರತ್ತು ಕೇಳೋದು ಲೈಸೆನ್ಸ್ ಇರುವ ಸಾಧನ, ಈಗ ವಿಂಡೋಸ್ ಓಡುತ್ತಿರುವ ಸಾಧನ ಅಂತ ಅಲ್ಲ. ಆ ನಾಲ್ಕು ಮಷೀನ್ ಕೊಂಡಾಗ ಓಇಎಂ (ಕಂಪ್ಯೂಟರ್ ತಯಾರಕರೇ ಹಾಕಿಕೊಡೋ) ವಿಂಡೋಸ್ 11 ಪ್ರೊ ಸಮೇತ ಬಂದು, ಆಮೇಲೆ ಅಳಿಸಿ ಉಬುಂಟು ಹಾಕಿದ್ದರೆ ಲೈಸೆನ್ಸ್ ಆ ಮಷೀನ್‌ಗೆ ಅಂಟಿಕೊಂಡೇ ಇರುತ್ತೆ. ಬಿಲ್ ಹುಡುಕಿ, ಎಡಿಷನ್ ಹೋಮ್ ಅಲ್ಲ ಪ್ರೊ ಅಂತ ನೋಡಿ, ಫೈಲಿಗೆ ಹಾಕಿ. ಓಎಸ್ ಇಲ್ಲದೆ ಕೊಂಡ ಮಷೀನ್ ಆದರೆ ಈ ದಾರಿ ಇಲ್ಲ.

ಪ್ರೊ ಪಿಸಿಗೆ ಒಂದು ಹೊತ್ತಿಗೆ ಒಂದೇ ಸೆಷನ್. ರಿಮೋಟ್‌ನಲ್ಲಿ ಒಬ್ಬರು ಬಂದರೆ ಎದುರು ಕೂತವರ ಪರದೆ ಲಾಕ್. ಇದನ್ನು ತಪ್ಪಿಸೋಕೆ ಆರ್‌ಡಿಪಿ ರ‍್ಯಾಪರ್ ಹಾಕಿ ಅಂತ ಯಾರಾದರೂ ಹೇಳೇ ಹೇಳ್ತಾರೆ. ಅದು ಷರತ್ತಿಗೆ ವಿರುದ್ಧ, ಸಾಲದ್ದಕ್ಕೆ ವಿಂಡೋಸ್ ಅಪ್‌ಡೇಟ್‌ನಲ್ಲಿ ಟರ್ಮಿನಲ್ ಸರ್ವಿಸ್‌ನ ಡಿಎಲ್‌ಎಲ್ ಬದಲಾದ ದಿನ ಕೆಲಸ ನಿಲ್ಲಿಸುತ್ತೆ. ಹಲವರು ಒಟ್ಟಿಗೆ ಬರೋ ವಿಂಡೋಸ್ 11 ಬೇಕಾದರೆ ಅದು ಎಂಟರ್‌ಪ್ರೈಸ್ ಮಲ್ಟಿ-ಸೆಷನ್, ಅಜೂರ್ ವರ್ಚುವಲ್ ಡೆಸ್ಕ್‌ಟಾಪ್‌ನಂಥ ಕಡೆ ಮಾತ್ರ ಸಿಗೋದು, ಅಂಗಡಿಯಲ್ಲಿ ಕೊಂಡು ತಂದು ಹಾಕೋ ಮಾಲಲ್ಲ. ಹೋಮ್ ಎಡಿಷನ್‌ಗಂತೂ ರಿಮೋಟ್‌ನಲ್ಲಿ ಒಳಗೆ ಬರೋದೇ ಆಗಲ್ಲ, ಅದರಿಂದ ಹೊರಗೆ ಹೋಗಬಹುದು ಅಷ್ಟೇ.

ಬರೀ ಡ್ರಾಯಿಂಗ್ ನೋಡೋದಾದರೆ ಇಷ್ಟೆಲ್ಲ ಬೇಡ. ಪಿಡಿಎಫ್ ಮಾಡಿ ಶೇರ್ಡ್ ಫೋಲ್ಡರ್‌ಗೆ ಹಾಕಿಸಿ.

---

ಪೀಣ್ಯ_ಎರಡನೇ_ಹಂತ

ಪಿಡಿಎಫ್ ಮಾತು ಒಪ್ಪಿದೆ ಮೇಡಂ, ಅದನ್ನೇ ಮಾಡ್ತೀವಿ. ನಾಲ್ಕೂ ಉಬುಂಟು ಮಷೀನ್ ಓಎಸ್ ಇಲ್ಲದೆ ಕೊಂಡದ್ದು.

ಸರ್ವರ್‌ಗೆ ಎರಡನೇ ದಾರಿ: ಎರಡು ವರ್ಚುವಲ್ ಮಷೀನ್, 32 ಯೂಸರ್. 27 ಆರ್‌ಡಿಎಸ್ ಯೂಸರ್ ಕ್ಯಾಲ್, 14 + 6 ವಿಂಡೋಸ್ ಸರ್ವರ್ ಕ್ಯಾಲ್‌ಗೆ ಕೊಟೇಷನ್ ಕೇಳಿದೆ. ಐದರ ಪ್ಯಾಕ್ ಈಗಿನ ಸರ್ವರ್‌ನಲ್ಲಿ ಇನ್‌ಸ್ಟಾಲ್ ಆಗಿಹೋಗಿದೆ, ಹೊಸ ವರ್ಚುವಲ್ ಮಷೀನ್‌ಗೆ ಅದನ್ನು ತರಬಹುದಾ? ಟ್ಯಾಲಿ, ಎಂಎಸ್ ಆಫೀಸ್‌ಗೆ ಬೇರೆ ಏನಾದರೂ ಬೇಕಾ?

---

ಬಾಗಿಲು_3389

ತರಬಹುದು. ಹೊಸ ಲೈಸೆನ್ಸ್ ಸರ್ವರನ್ನು ಮೊದಲು ಆ್ಯಕ್ಟಿವೇಟ್ ಮಾಡಿ, ಆಮೇಲೆ ಲೈಸೆನ್ಸಿಂಗ್ ಮ್ಯಾನೇಜರ್‌ನಲ್ಲಿ ಸರ್ವರ್ ಮೇಲೆ ರೈಟ್ ಕ್ಲಿಕ್ ಮಾಡಿ "ಮ್ಯಾನೇಜ್ ಲೈಸೆನ್ಸಸ್" ತೆಗೆದುಕೊಳ್ಳಿ. ಬೇರೆ ಲೈಸೆನ್ಸ್ ಸರ್ವರ್‌ನಿಂದ ಇಲ್ಲಿಗೆ ವರ್ಗಾಯಿಸುವ ಆಯ್ಕೆ ಅಲ್ಲಿದೆ. ಹಳೇ ಸರ್ವರ್ ಇನ್ನೂ ನೆಟ್‌ವರ್ಕ್‌ನಲ್ಲಿ ಜೀವಂತ ಇರುವಾಗಲೇ ಮಾಡಿ. ಫಾರ್ಮ್ಯಾಟ್ ಮಾಡಿದ ಮೇಲೆ ನೆನಪಾದರೆ ಮೈಕ್ರೋಸಾಫ್ಟ್‌ನ ಕ್ಲಿಯರಿಂಗ್‌ಹೌಸ್‌ಗೆ (ಲೈಸೆನ್ಸ್ ದಾಖಲೆ ಇಡೋ ವಿಭಾಗ) ಫೋನ್ ಹಚ್ಚಿ ಪ್ಯಾಕ್ ಮೇಲಿನ 25 ಅಕ್ಷರದ ಕೀ ಓದಿ ಹೇಳ್ತಾ ಕೂರಬೇಕು. ಆ ಕೀ ಇರೋ ಕಾರ್ಡ್ ಎಲ್ಲಿದೆ ಅಂತ ಈಗಲೇ ನೋಡಿಕೊಳ್ಳಿ.

ಡೊಮೈನ್‌ಗೆ ಬದಲಾಗೋ ನಡುವಿನ ದಿನಗಳಲ್ಲಿ ಫ್ಲೋರ್ ನಿಲ್ಲಬಾರದು ಅಂದರೆ, ಹೊಸ ಸೆಷನ್ ಹೋಸ್ಟ್ ವರ್ಚುವಲ್ ಮಷೀನ್‌ಗೆ ಅದರದ್ದೇ ಹೊಸ 120 ದಿನ ಗ್ರೇಸ್ ನ್ಯಾಯವಾಗೇ ಸಿಗುತ್ತೆ. ಅದರೊಳಗೆ ಕ್ಯಾಲ್ ಬಂದು ಕೂರಬೇಕು ಅಷ್ಟೇ. ಗ್ರೇಸ್ ಮುಗಿಯೋವರೆಗೆ ಕಾಯಬೇಡಿ. ಕ್ಯಾಲ್ ಹಾಕಿದ ದಿನವೇ ಗ್ರೂಪ್ ಪಾಲಿಸಿ ತುಂಬಿ, ಒಬ್ಬ ಸಾಮಾನ್ಯ ಯೂಸರ್ ಆಗಿ ಉಬುಂಟುವಿನಿಂದ ಒಮ್ಮೆ, ಮ್ಯಾಕ್‌ನ ವಿಂಡೋಸ್ ಆ್ಯಪ್‌ನಿಂದ ಒಮ್ಮೆ ಲಾಗಿನ್ ಆಗಿ, ಲೈಸೆನ್ಸಿಂಗ್ ಮ್ಯಾನೇಜರ್‌ನಲ್ಲಿ ವರದಿ ತೆಗೆಯಿರಿ. ಆ ಯೂಸರ್ ಹೆಸರಿಗೆ ಒಂದೇ ಕ್ಯಾಲ್ ಹೋಗಿರಬೇಕು. ಮ್ಯಾಕ್‌ನಲ್ಲಿ ಮೈಕ್ರೋಸಾಫ್ಟ್ ರಿಮೋಟ್ ಡೆಸ್ಕ್‌ಟಾಪ್ ಅಂತ ಇದ್ದದ್ದಕ್ಕೇ 2024ರಿಂದ ವಿಂಡೋಸ್ ಆ್ಯಪ್ ಅಂತ ಹೆಸರು, ಬೇರೆ ಅಂತ ಗಾಬರಿ ಬೇಡ.

ಟ್ಯಾಲಿ ಸಿಲ್ವರ್ ಒಬ್ಬರಿಗೆ, ಹಲವರಿಗೆ ಗೋಲ್ಡ್. ಸರ್ವರ್‌ನಲ್ಲಿ ಒಂದೇ ಕಡೆ ಇನ್‌ಸ್ಟಾಲ್ ಆಗಿದೆ ಅಂತ ಸಿಲ್ವರ್ ಸಾಕು ಅನ್ನೋ ವಾದ ಬೇಡ. ಮೈಕ್ರೋಸಾಫ್ಟ್ 365ರ ಆಫೀಸ್ ಆ್ಯಪ್‌ಗಳನ್ನು ಸೆಷನ್ ಹೋಸ್ಟ್‌ನಲ್ಲಿ ಹಾಕೋದಾದರೆ ಶೇರ್ಡ್ ಕಂಪ್ಯೂಟರ್ ಆ್ಯಕ್ಟಿವೇಷನ್ (ಒಂದೇ ಕಂಪ್ಯೂಟರ್‌ನಲ್ಲಿ ಹಲವರು ಬಳಸೋ ಸೌಲಭ್ಯ) ಇರೋ ಪ್ಲಾನ್ ಬೇಕು. ಬಿಸಿನೆಸ್ ಪ್ರೀಮಿಯಂನಲ್ಲಿದೆ, ಬಿಸಿನೆಸ್ ಸ್ಟ್ಯಾಂಡರ್ಡ್‌ನಲ್ಲಿಲ್ಲ. ಫ್ಲೋರಿನ ಹದಿನೆಂಟು ಜನರಿಗೆ ಎಕ್ಸೆಲ್ ಶೀಟ್ ತೆರೆದು ನೋಡೋದಷ್ಟೇ ಕೆಲಸ ಆದರೆ ಲಿಬ್ರೆಆಫೀಸ್ ಹಾಕಿ, ಅದಕ್ಕೆ ಯಾವ ಎಣಿಕೆಯೂ ಇಲ್ಲ.